ಬಳ್ಳಾರಿ ಸೀಮೆಯಲ್ಲಿ ವಿದ್ಯಾರ್ಥಿವೃತ್ತಿ

೧

'ವೃತ್ತಿ' ಎಂಬ ಶಬ್ದಕ್ಕೆ ಕನ್ನಡದಲ್ಲಿ ಎರಡು ಅರ್ಥಗಳು ಬಹುಕಾಲದಿಂದ ಜತೆಯಾಗಿ ನಡೆದು ಬಂದಿವೆ. ಬದುಕಿಗೆ ಆಧಾರವಾದ ಉದ್ಯೋಗವು ಒಂದು. ಅರಸನಾಗಲಿ, ಅಗ್ರಹಾರದ ಮಹಾಜನರಾಗಲಿ, ಊರೊಕ್ಕಲಾಗಲಿ ಒಬ್ಬನ ಜೀವನಕ್ಕೆಂದು ಬಿಟ್ಟುಕೊಟ್ಟ ಭೂಮಿ ಅಥವಾ ಧಾನ್ಯವು ಇನ್ನೊಂದು. ಓದುವವನಿಗೆ ದೊರೆಯುವ ಸಹಾಯವು ವಿದ್ಯಾರ್ಥಿವೃತ್ತಿ. ಓದು ಮುಗಿದ ಬಳಿಕ ಅವನು ಹಿಡಿಯುವ ಕೆಲಸವೂ ವೃತ್ತಿಯೇ. ಹೀಗೆ ಒಂದೇ ಶಬ್ದವು ವಿದ್ಯಾರ್ಥಿಯ ಜೀವನದ ಎರಡು ತುದಿಗಳನ್ನೂ ಹಿಡಿದುಕೊಂಡಿದೆ. ಬಳ್ಳಾರಿ ಸೀಮೆಯ ವಿದ್ಯಾಭ್ಯಾಸದ ಚರಿತ್ರೆಯನ್ನು ವಿಚಾರಿಸಿದರೆ, ಈ ಎರಡು ತುದಿಗಳ ನಡುವಣ ದಾರಿಯು ಎಷ್ಟು ಸಾರಿ ಕಡಿದುಹೋಯಿತು, ಯಾರು ಯಾರು ಅದನ್ನು ಮತ್ತೆ ಜೋಡಿಸಿದರು ಎಂಬುದೇ ಅದರ ಮುಖ್ಯ ಕಥೆಯೆಂದು ತೋರುತ್ತದೆ.

ವಿದ್ಯೆಗೆ ವೃತ್ತಿಯನ್ನು ಬಿಡುವುದು ಕನ್ನಡ ನಾಡಿನಲ್ಲಿ ಹೊಸದಲ್ಲ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿಯಾದ ನಾರಾಯಣನು ಇಂದಿನ ವಿಜಯಪುರ ಜಿಲ್ಲೆಯ ಸಾಲೋಟಗಿಯಲ್ಲಿ ಒಂದು ಶಾಲೆಯನ್ನು ಕಟ್ಟಿಸಿದನು. ಕ್ರಿ.ಶ. ೯೪೫ರ ಅಲ್ಲಿನ ಶಾಸನವು, ನಾನಾ ದೇಶಗಳಿಂದ ಬಂದ ವಿದ್ಯಾರ್ಥಿಗಳಿಗಾಗಿ ೨೭ ಮನೆಗಳನ್ನೂ, ಅಧ್ಯಾಪಕನ ಜೀವನಕ್ಕೂ ದೀಪದ ಎಣ್ಣೆಗೂ ಬೇರೆ ಬೇರೆ ಭೂಮಿಗಳನ್ನೂ ಬಿಟ್ಟುದನ್ನು ಹೇಳುತ್ತದೆ. ಮಂತ್ರಿಯ ದಾನವೊಂದರಿಂದಲೇ ಆ ಶಾಲೆಯು ನಡೆಯಲಿಲ್ಲ. ಊರವರು ತಮ್ಮ ಮನೆಯ ಮದುವೆಗೆ ೫ ನಾಣ್ಯ, ಉಪನಯನಕ್ಕೆ ಎರಡೂವರೆ, ಚೌಲಕ್ಕೆ ಒಂದೂಕಾಲು ನಾಣ್ಯದಂತೆ ಶಾಲೆಗೆ ಕೊಡಬೇಕೆಂದು ಕಟ್ಟು ಮಾಡಿಕೊಂಡಿದ್ದರು. ಚಿತ್ತಾಪುರದ ಸಮೀಪದ ನಾಗಾವಿಯಲ್ಲಿ ಚಾಲುಕ್ಯ ಆಹವಮಲ್ಲನ ದಂಡನಾಯಕ ಮಧುಸೂದನನು ೧೦೫೮ರಲ್ಲಿ ನಡೆಸಿದ ಘಟಿಕಾಸ್ಥಾನದಲ್ಲಿ ವೇದಶಾಸ್ತ್ರಗಳ ಉಪಾಧ್ಯಾಯರಲ್ಲದೆ ಗ್ರಂಥಗಳನ್ನು ಕಾಯುವ 'ಸರಸ್ವತೀ ಭಂಡಾರಿಕ'ರಿಗೂ ವೃತ್ತಿ ಇದ್ದಿತು. ೧೧೬೨ರ ಬಳ್ಳಿಗಾವೆಯ ಶಾಸನವು ಅಲ್ಲಿನ ಕೋಡಿಯ ಮಠದಲ್ಲಿ ಓದಿಸುತ್ತಿದ್ದ ಶಾಸ್ತ್ರಗಳ ಪಟ್ಟಿಯನ್ನು ಕೊಟ್ಟು, ಅದರೊಡನೆಯೇ ಹಸಿದು ಬಂದವರಿಗೆ ಅನ್ನವನ್ನೂ ರೋಗಿಗಳಿಗೆ ಔಷಧವನ್ನೂ ಕೊಡುತ್ತಿದ್ದುದನ್ನು ತಿಳಿಸುತ್ತದೆ.

ಬಳ್ಳಾರಿಯ ಸುತ್ತಲಿನ ನಾಡು ಈ ಸಂಪ್ರದಾಯಕ್ಕೆ ಹೊರತಾಗಿರಲಿಲ್ಲ. ನಗರಕ್ಕೆ ಸುಮಾರು ೩೦ ಕಿಲೋಮೀಟರ್ ದೂರದಲ್ಲಿರುವ ಕುರುಗೋಡು ಹನ್ನೆರಡನೆಯ ಶತಮಾನದಲ್ಲಿ ಸಿಂದವಂಶದ ಒಂದು ಶಾಖೆಗೆ ರಾಜಧಾನಿಯಾಗಿದ್ದಿತು. ಬೆಟ್ಟಗಳ ತಪ್ಪಲಿನಲ್ಲಿ ಇಂದಿಗೂ ನಿಂತಿರುವ ಅಲ್ಲಿನ ಗುಡಿಗಳೂ, ಸ್ವಯಂಭೂ ದೇವರಿಗೆ ಬಿಟ್ಟ ದತ್ತಿಗಳನ್ನು ಹೇಳುವ ರಾಚಮಲ್ಲನ ಕಾಲದ ಶಾಸನಗಳೂ, ದೇವಾಲಯವೇ ಊರಿನ ಧನಕ್ಕೂ ಧರ್ಮಕ್ಕೂ ಕೇಂದ್ರವಾಗಿದ್ದುದನ್ನು ಕಾಣಿಸುತ್ತವೆ. ತುಂಗಭದ್ರೆಯ ದಡದ ಸಿರುಗುಪ್ಪವು ವಿಜಯನಗರದ ಕಾಲದ ಕಾಲುವೆಯ ನೀರನ್ನು ಉಂಡು ಬತ್ತ ಬೆಳೆದ ಊರು. ಬೆಳೆದ ಧಾನ್ಯದಲ್ಲಿ ಗುಡಿಗೂ ಮಠಕ್ಕೂ ಐಗಳಿಗೂ ಪಾಲು ಹೋಗುವುದು ಇಂಥ ಊರುಗಳಲ್ಲಿ ವಾಡಿಕೆಯಾಗಿದ್ದಿತು.

೨

ಈ ವಾಡಿಕೆಯು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಯಾವ ಸ್ಥಿತಿಗೆ ಬಂದಿದ್ದಿತೆಂಬುದಕ್ಕೆ ಬಳ್ಳಾರಿಗೆ ಅಪೂರ್ವವಾದ ಸಾಕ್ಷ್ಯವೊಂದು ಉಳಿದಿದೆ. ನಿಜಾಮನು ೧೮೦೦ರಲ್ಲಿ ಕುಂಪಣಿ ಸರಕಾರಕ್ಕೆ ಬಿಟ್ಟುಕೊಟ್ಟ ಸೀಮೆಗೆ 'ದತ್ತಮಂಡಲ'ವೆಂದು ಹೆಸರು. ಅದರ ಮೊದಲ ಪ್ರಧಾನ ಕಲೆಕ್ಟರನಾಗಿದ್ದ ಥಾಮಸ್ ಮನ್ರೋ ಮುಂದೆ ಮದರಾಸಿನ ಗವರ್ನರನಾಗಿ, ೧೮೨೨ರ ಜೂನ್ ತಿಂಗಳಲ್ಲಿ, ಅಧಿಪತ್ಯದ ಪ್ರತಿಯೊಂದು ಜಿಲ್ಲೆಯ ಶಾಲೆಗಳ ಲೆಕ್ಕವನ್ನು ಕಳುಹಿಸುವಂತೆ ಕಲೆಕ್ಟರರಿಗೆ ಆಜ್ಞೆ ಮಾಡಿದನು. ಬಳ್ಳಾರಿಯ ಕಲೆಕ್ಟರನಾದ ಎ. ಡಿ. ಕ್ಯಾಂಬೆಲ್ಲನು ತೆಲುಗು ವ್ಯಾಕರಣವನ್ನು ಬರೆದ ವಿದ್ವಾಂಸ. ಆತನು ೧೮೨೩ನೆಯ ಆಗಸ್ಟ್ ೧೭ರಂದು ಕಳುಹಿಸಿದ ವರದಿಯು ಬರಿಯ ಅಂಕಿಗಳ ಪಟ್ಟಿಯಾಗದೆ ಈ ಸೀಮೆಯ ಮಕ್ಕಳ ಓದಿನ ಚಿತ್ರವಾಗಿದೆ.

ಆಗ ಬಳ್ಳಾರಿ ಜಿಲ್ಲೆಯಲ್ಲಿ ಇಂದಿನ ಅನಂತಪುರದ ಸೀಮೆಯೂ ಆದವಾನಿ, ಆಲೂರು, ರಾಯದುರ್ಗಗಳೂ ಸೇರಿದ್ದುವು. ಜನಸಂಖ್ಯೆ ೯,೨೭,೮೫೭, ಶಾಲೆಗಳು ೫೩೩, ಓದುವವರು ೬,೬೪೧. ಕನ್ನಡ ಕಲಿಸುವ ಶಾಲೆಗಳು ೨೩೫, ತೆಲುಗಿನವು ೨೨೬, ಮರಾಠಿಯವು ೨೩, ಪಾರಸಿಯವು ೨೧, ತಮಿಳಿನವು ೪. ಇಂಗ್ಲಿಷ್ ಕಲಿಸುವ ಶಾಲೆ ಜಿಲ್ಲೆಗೆಲ್ಲ ಒಂದೇ. ಇವಲ್ಲದೆ ಸಂಸ್ಕೃತದಲ್ಲಿ ವೇದಾಂತ, ಜ್ಯೋತಿಷ, ತರ್ಕ, ಧರ್ಮಶಾಸ್ತ್ರಗಳನ್ನು ಬ್ರಾಹ್ಮಣರು ಓದುತ್ತಿದ್ದ ಸ್ಥಾನಗಳು ೨೩.

ಓದುತ್ತಿದ್ದವರು ಯಾರೆಂಬುದು ಗಮನಿಸತಕ್ಕ ವಿಷಯ. ಹಿಂದೂ ಹುಡುಗರಲ್ಲಿ ಬ್ರಾಹ್ಮಣರು ೧,೧೮೫, ವೈಶ್ಯರು ೯೮೧, ಶೂದ್ರರೆಂದು ಎಣಿಸಲ್ಪಟ್ಟವರು ೨,೯೯೮, ಇತರ ಜಾತಿಗಳವರು ೧,೧೭೪, ಮುಸಲ್ಮಾನರು ೨೪೩. ಅಕ್ಷರವು ಒಂದು ವರ್ಣದವರ ಸೊತ್ತಾಗಿದ್ದಿತೆಂಬ ಸಾಮಾನ್ಯ ಭಾವನೆಗೆ ಈ ಅಂಕಿಗಳು ಅಡ್ಡ ಬರುತ್ತವೆ. ಆದರೆ ಹೆಣ್ಣುಮಕ್ಕಳು ಜಿಲ್ಲೆಗೆಲ್ಲ ೬೦ ಮಂದಿ ಮಾತ್ರ. ಸಂಸ್ಕೃತ ಶಾಸ್ತ್ರಗಳ ಉನ್ನತ ವ್ಯಾಸಂಗವೂ ಬ್ರಾಹ್ಮಣರಿಗೆ ಮಾತ್ರ ಮೀಸಲಾಗಿದ್ದಿತು. ಕೂಲಿಮಠದ ಬಾಗಿಲು ಅನೇಕರಿಗೆ ತೆರೆದಿದ್ದರೂ ಅದರಿಂದ ಮುಂದಿನ ಮೆಟ್ಟಿಲು ಕೆಲವರಿಗೆ ಮಾತ್ರ ಇದ್ದಿತೆಂದು ಹೇಳಬೇಕು.

ಹುಡುಗನಿಗೆ ಐದನೆಯ ವರುಷದ ಐದನೆಯ ತಿಂಗಳ ಐದನೆಯ ದಿನವು ಅಕ್ಷರಾರಂಭಕ್ಕೆ ಶುಭವೆಂದು ಜನರು ಎಣಿಸುತ್ತಿದ್ದರು. ಮೊದಲು ಮರಳಿನ ಮೇಲೆ ಬೆರಳಿನಿಂದ ತಿದ್ದುವುದು. ಅನಂತರ ಹಲಗೆ ಅಥವಾ ಕಡತ. ಅಕ್ಕಿಯ ಗಂಜಿಯೂ ಇದ್ದಲಿನ ಪುಡಿಯೂ ಬಳಿದ ಮರದ ಹಲಗೆ ಒಂದು ವಿಧ. ಗಂಜಿಯಲ್ಲಿ ಗಟ್ಟಿಮಾಡಿ, ಇದ್ದಲಿನ ಪುಡಿಯನ್ನೂ ಅಂಟನ್ನೂ ಲೇಪಿಸಿ, ಪುಸ್ತಕದಂತೆ ಮಡಿಸಿದ ಬಟ್ಟೆಯ ಕಡತ ಇನ್ನೊಂದು ವಿಧ. ಬೆಳಿಗ್ಗೆ ಮೊದಲು ಬಂದ ಹುಡುಗನ ಅಂಗೈಯ ಮೇಲೆ ಸರಸ್ವತಿಯ ಹೆಸರು, ಎರಡನೆಯವನಿಗೆ ಸೊನ್ನೆ, ಮೂರನೆಯವನಿಂದ ಹಿಡಿದು ಒಂದು, ಎರಡು ಎಂದು ಪೆಟ್ಟುಗಳು. ಹಿರಿಯ ವಿದ್ಯಾರ್ಥಿಗಳು ಕಿರಿಯರಿಗೆ ಕಲಿಸುತ್ತ ತಮ್ಮ ಪಾಠವನ್ನೇ ಗಟ್ಟಿಮಾಡಿಕೊಳ್ಳುವ ಪದ್ಧತಿಯನ್ನು ಕ್ಯಾಂಬೆಲ್ಲನು ಬಹಳವಾಗಿ ಮೆಚ್ಚಿ, ಇಂಗ್ಲೆಂಡಿನಲ್ಲಿ ಇದನ್ನು ಅನುಕರಿಸಿದುದು ಯುಕ್ತವೇ ಎಂದು ಬರೆದನು.

ಓದುವ ಗ್ರಂಥಗಳ ಪಟ್ಟಿಯಲ್ಲಿ ರಾಮಾಯಣ, ಭಾರತ, ಭಾಗವತಗಳೊಡನೆ ಬಸವಪುರಾಣ, ರಾಘವಾಂಕನ ಕಾವ್ಯ, ಗಿರಿಜಾಕಲ್ಯಾಣ, ಚೆನ್ನಬಸವಪುರಾಣಗಳೂ, ಕತೆಗೆ ಪಂಚತಂತ್ರವೂ, ಶಬ್ದಜ್ಞಾನಕ್ಕೆ ಅಮರಕೋಶ, ಶಬ್ದಮಣಿದರ್ಪಣಗಳೂ ಕಾಣಬರುತ್ತವೆ. ಇಂಥ ಗ್ರಂಥಗಳು ಹಳ್ಳಿಯ ಜಗುಲಿಯವರೆಗೂ ಬಂದಿದ್ದುವು. ಆದರೆ ಪ್ರತಿಗಳು ಕಡಿಮೆ, ಇದ್ದವುಗಳಲ್ಲಿ ತಪ್ಪುಗಳು ಹೆಚ್ಚು, ಕಂಠಪಾಠವಿದ್ದಲ್ಲಿ ಅರ್ಥಜ್ಞಾನವಿಲ್ಲ ಎಂದು ಕಲೆಕ್ಟರನು ದೂರುತ್ತಾನೆ. ಐಗಳ ಸಂಪಾದನೆ ತಿಂಗಳಿಗೆ ೬-೭ ರೂಪಾಯಿಗಳನ್ನು ಮೀರುತ್ತಿರಲಿಲ್ಲ. ಅಷ್ಟು ಆದಾಯಕ್ಕೆ ಯೋಗ್ಯರಾದವರು ಆ ಉದ್ಯೋಗಕ್ಕೆ ಬರುವುದು ಕಷ್ಟವೆಂದೂ ಆತನು ಕಂಡನು.

ವರದಿಯ ತಿರುಳು ಇನ್ನು ಮುಂದಿದೆ. ಸಾವಿರ ಜನರಲ್ಲಿ ಸುಮಾರು ಏಳು ಮಂದಿ ಮಾತ್ರ ಶಾಲೆಯಲ್ಲಿದ್ದುದಕ್ಕೆ ಕಾರಣವೇನು? ಜನರಿಗೆ ವಿದ್ಯೆಯಲ್ಲಿ ಆದರವಿಲ್ಲವೆಂದು ಕ್ಯಾಂಬೆಲ್ಲನು ಹೇಳಲಿಲ್ಲ. ಇಂಗ್ಲೆಂಡಿನ ಬಟ್ಟೆ ಬಂದು ಇಲ್ಲಿನ ನೇಯ್ಗೆ ಕೆಟ್ಟುದು, ಸೇನೆಗಳು ದೂರದ ಗಡಿಗಳಿಗೆ ಹೋದುದು, ನಾಡಿನ ಧನವು ಹೊರಕ್ಕೆ ಹರಿದುದು ಮುಂತಾದುವುಗಳಿಂದ ಜನರು ಬಡವಾದರು. ಮಕ್ಕಳ ಎಳೆಯ ಕೈಗಳು ದುಡಿಮೆಗೆ ಬಂದೊಡನೆ ತಂದೆತಾಯಿಗಳಿಗೆ ಅವು ಹೊಲದಲ್ಲಿ ಬೇಕಾದುವು. ಮೊದಲು ಶಾಲೆಗಳಿದ್ದ ಅನೇಕ ಹಳ್ಳಿಗಳಲ್ಲಿ ಈಗ ಅವು ಇಲ್ಲ — ಇದು ಆತನ ನಿರ್ಣಯ. ಹಿಂದಿನ ಅರಸರು ವಿದ್ಯೆಗೆ ಹಣವನ್ನೂ ಭೂಮಿಯನ್ನೂ ಧಾರಾಳವಾಗಿ ಬಿಟ್ಟಿದ್ದರೆಂದೂ, ಇರುವ ೫೩೩ ಶಾಲೆಗಳಲ್ಲಿ ಒಂದಕ್ಕಾದರೂ ಸರಕಾರದ ಸಹಾಯವಿಲ್ಲದಿರುವುದು ತನಗೆ ನಾಚಿಕೆಯ ಸಂಗತಿಯೆಂದೂ ಆತನು ತನ್ನ ಮೇಲಧಿಕಾರಿಗಳಿಗೆ ಬರೆದನು. ಆಳುವವರ ಕಡೆಯವನೇ ಆಳ್ವಿಕೆಯ ಮೇಲೆ ಹೊರಿಸಿದ ಈ ದೋಷಾರೋಪಣೆಯು ಬಳ್ಳಾರಿಯ ಕಚೇರಿಯಿಂದ ಹೊರಟುದು ಸ್ಮರಣೀಯವಾಗಿದೆ.

ಮನ್ರೋನ ಲೆಕ್ಕದಂತೆ ಅಧಿಪತ್ಯಕ್ಕೆಲ್ಲ ೧೨,೪೯೮ ಶಾಲೆಗಳು, ೬೭ ಜನರಿಗೆ ಒಬ್ಬ ವಿದ್ಯಾರ್ಥಿ ಇದ್ದರು. ಬಳ್ಳಾರಿಯಲ್ಲಿ ಸುಮಾರು ೧೪೦ ಜನರಿಗೆ ಒಬ್ಬನು. ಎಂದರೆ ಅಧಿಪತ್ಯದ ಸರಾಸರಿಯಲ್ಲಿ ಅರ್ಧಕ್ಕಿಂತಲೂ ಕಡಿಮೆ.

೩

ಮನ್ರೋ ೧೮೨೬ರಲ್ಲಿ ಜಿಲ್ಲೆ ಮತ್ತು ತಾಲೂಕುಗಳ ಮುಖ್ಯಸ್ಥಳಗಳಲ್ಲಿ ಸರಕಾರದ ಶಾಲೆಗಳನ್ನು ತೆರೆದು, ಉಪಾಧ್ಯಾಯರಿಗೆ ತಿಂಗಳಿಗೆ ೧೫ ಮತ್ತು ೯ ರೂಪಾಯಿಗಳ ಸಂಬಳವನ್ನು ಕೊಡುವ ಯೋಜನೆಯನ್ನು ಮಾಡಿದನು. ಮರುವರುಷ ಜುಲೈ ತಿಂಗಳಲ್ಲಿ ಆತನು ತನ್ನ ಹಳೆಯ ದತ್ತಮಂಡಲದಲ್ಲಿಯೇ, ಪತ್ತಿಕೊಂಡದಲ್ಲಿ, ವಾಂತಿಭೇದಿಯಿಂದ ತೀರಿಕೊಂಡನು. ಆ ಶಾಲೆಗಳು ನೀರಿಲ್ಲದ ಸಸಿಗಳಂತೆ ಸೊರಗಿ, ೧೮೩೬ರಲ್ಲಿ ರದ್ದಾದುವು.

ತೆರವಾದ ಸ್ಥಳಕ್ಕೆ ಲಂಡನ್ ಮಿಶನ್ನಿನವರು ಬಂದರು. ಜಾನ್ ಹ್ಯಾಂಡ್ಸ್ ೧೮೧೦ರಲ್ಲಿಯೇ ಬಳ್ಳಾರಿಯಲ್ಲಿ ನೆಲಸಿ ಬೈಬಲನ್ನು ಕನ್ನಡಕ್ಕೆ ತಿರುಗಿಸಿದನು. ಆತನ ಜತೆಯವನಾದ ವಿಲಿಯಂ ರೀವ್ ಕನ್ನಡ-ಇಂಗ್ಲಿಷ್ ನಿಘಂಟನ್ನು ರಚಿಸಿದನು. ೧೮೪೬ರಲ್ಲಿ ವಾರ್ಡ್‌ಲಾ ಎಂಬ ಪಾದ್ರಿಯು ಸ್ಥಾಪಿಸಿದ ಶಾಲೆಯು ಬೆಳೆದು, ಆ ಶತಮಾನದ ಕೊನೆಗೆ ಎಫ್.ಎ. ವರೆಗೆ ಕಲಿಸುವ ಎರಡನೆಯ ದರ್ಜೆಯ ಕಾಲೇಜಾಯಿತು. ಆದರೆ ೧೮೫೭ರಲ್ಲಿ ಸ್ಥಾಪಿತವಾದ ಮದರಾಸು ವಿಶ್ವವಿದ್ಯಾನಿಲಯದ ಬಿ.ಎ. ಪದವಿಯನ್ನು ಪಡೆಯಲು ಬಳ್ಳಾರಿಯ ಹುಡುಗನು ಗುಂತಕಲ್ಲಿನ ಮಾರ್ಗವಾಗಿ ರೈಲು ಹತ್ತಿ ಮದರಾಸಿನಂಥ ದೂರದ ಊರಿಗೆ ಹೋಗಬೇಕಾಗಿದ್ದಿತು. ಮುಂದೆ ನಾಟಕರಂಗದಲ್ಲಿ 'ಬಳ್ಳಾರಿ ರಾಘವ'ರೆಂದು ಪ್ರಸಿದ್ಧರಾದ ತಾಡಿಪತ್ರಿ ರಾಘವಾಚಾರ್ಯರು (೧೮೮೦-೧೯೪೬) ಮದರಾಸಿನ ಕ್ರಿಶ್ಚಿಯನ್ ಕಾಲೇಜಿನಲ್ಲಿಯೂ ಲಾ ಕಾಲೇಜಿನಲ್ಲಿಯೂ ಓದಿ ಬಂದು ಬಳ್ಳಾರಿಯಲ್ಲಿ ವಕೀಲಿಯನ್ನು ಹಿಡಿದರು. ಪಟ್ಟಣದಲ್ಲಿ ಮಗನನ್ನು ನಾಲ್ಕಾರು ವರುಷ ಇರಿಸಬಲ್ಲ ಮನೆತನಗಳಿಗೆ ಆ ದಾರಿ ಸಾಧ್ಯವಾಗಿದ್ದಿತು. ಸಿರುಗುಪ್ಪದ ಗೇಣಿದಾರನಿಗೂ ಕುರುಗೋಡಿನ ನೇಕಾರನಿಗೂ ಅದು ಕನಸಿನ ಮಾತು. ಇದರ ನಡುವೆ ೧೮೭೬ರಿಂದ ೧೮೭೮ರ ವರೆಗಿನ ಧಾತು-ಈಶ್ವರ ಬರಗಾಲವು ಈ ಸೀಮೆಯನ್ನು ಸುಟ್ಟಿತು. ಮನೆಯಲ್ಲಿ ಬೀಜದ ಕಾಳು ಕೂಡ ಉಳಿಯದಾಗ ಶಾಲೆಯ ಮಾತೆಲ್ಲಿ?

ದೂರ ಹೋಗಲಾರದವರಿಗೆ ಊರಿನ ಕರುಣೆಯೇ ವಿದ್ಯಾರ್ಥಿವೃತ್ತಿಯಾಯಿತು. ಬ್ರಾಹ್ಮಣ ವಟುಗಳು ವಾರದ ಏಳು ದಿನಕ್ಕೆ ಏಳು ಮನೆಗಳನ್ನು ಗೊತ್ತುಮಾಡಿಕೊಂಡು ವಾರಾನ್ನದಿಂದ ಓದಿದರು. ವೀರಶೈವ ಹುಡುಗರಿಗೆ ಮಠಗಳ ದಾಸೋಹವು ಆಶ್ರಯ ಕೊಟ್ಟಿತು. ಎಷ್ಟೋ ಮಂದಿ ಒಳ್ಳೆಯ ಅಧಿಕಾರಿಗಳೂ ವಿದ್ವಾಂಸರೂ ಈ ಅನ್ನದಿಂದ ಬೆಳೆದರೆಂಬುದು ನಿಜ. ಆದರೆ ಇಂಥ ಅನ್ನಕ್ಕೆ ಜಾತಿಯ ಮೇರೆಯಿದ್ದಿತೆಂಬುದೂ ಅಷ್ಟೇ ನಿಜ. ಮೇರೆಯ ಆಚೆಗಿನ ಕೇರಿಯ ಹುಡುಗನಿಗೆ ಏಳು ಮನೆಗಳಲ್ಲಿ ಒಂದೂ ಇರಲಿಲ್ಲ. ಹೆಣ್ಣುಮಕ್ಕಳಿಗಂತೂ ಪರಸ್ಥಳದ ಓದಿನ ಮಾತೇ ಇರಲಿಲ್ಲ.

೪

೧೯೧೬ನೆಯ ಇಸವಿಯು ಈ ಚರಿತ್ರೆಯಲ್ಲಿ ಒಂದು ತಿರುವು. ಆ ವರುಷ ಅನಂತಪುರದಲ್ಲಿ ಸರಕಾರವು ದತ್ತಮಂಡಲ ಕಾಲೇಜನ್ನು ತೆರೆಯಿತು. ನೆರೆಯ ಮೈಸೂರು ಸಂಸ್ಥಾನದಲ್ಲಿ ವಿಶ್ವವಿದ್ಯಾನಿಲಯವು ಹುಟ್ಟಿತು. ಬಳ್ಳಾರಿಯಲ್ಲಿ ವೀರಶೈವ ವಿದ್ಯಾವರ್ಧಕ ಸಂಘವು ಸ್ಥಾಪಿತವಾಯಿತು. ಮೊದಲಿನ ಎರಡೂ ಬಳ್ಳಾರಿಗೆ ಹೊರಗಿನವು. ಅನಂತಪುರವು ಹತ್ತಿರವಾದರೂ ಪರಿಸರ ತೆಲುಗಿನದು. ಮೈಸೂರು ಕನ್ನಡದ್ದಾದರೂ ಆಡಳಿತ ಬೇರೆ. ಮೂರನೆಯದು ಮಾತ್ರ ಊರವರು ತಾವೇ ಕೂಡಿಸಿದ ಧನದಿಂದ ಎದ್ದುದು. ಧಾರವಾಡದಲ್ಲಿ ೧೮೮೩ರಲ್ಲಿಯೇ ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆಯು ಬಡ ವಿದ್ಯಾರ್ಥಿಗಳ ಸಹಾಯಕ್ಕೆ ನಿಧಿಯನ್ನು ಕೂಡಿಸಿದ್ದಿತು. ಬಳ್ಳಾರಿಯ ಸಂಘದ್ದೂ ಅದೇ ಜಾಡು.

ಸಂಘವು ವೀರಶೈವ ಕಾಲೇಜನ್ನು ತೆರೆದುದು ೧೯೪೫ರಲ್ಲಿ. ಸಂಯೋಜನೆಯು ಮದರಾಸು ವಿಶ್ವವಿದ್ಯಾನಿಲಯಕ್ಕೆ. ಅದೇ ವರುಷ ಫೆಬ್ರುವರಿ ೨೮ರಂದು ತುಂಗಭದ್ರಾ ಅಣೆಕಟ್ಟಿಗೆ ಎರಡೂ ದಡಗಳಲ್ಲಿ ಶಂಕುಸ್ಥಾಪನೆ ನಡೆದಿದ್ದಿತು. ಸಾವಿರಾರು ಎಕರೆ ಒಣಭೂಮಿಗೆ ನೀರು ಬರುವ ಕಾರ್ಯವೂ, ಉನ್ನತ ವಿದ್ಯೆಯು ಊರಿನ ಬಾಗಿಲಿಗೆ ಬರುವ ಕಾರ್ಯವೂ ಒಂದೇ ವರುಷದಲ್ಲಿ ಆರಂಭವಾದುವು. ಕಾಲೇಜು ಊರಿನಲ್ಲಿದ್ದರೆ ಹುಡುಗನು ಮನೆಯ ರೊಟ್ಟಿಯನ್ನು ಉಂಡು ಓದಬಲ್ಲನು. ಹಾಸ್ಟೆಲಿನ ಖರ್ಚು, ರೈಲಿನ ಚಾರ್ಜು, ಪರಸ್ಥಳದ ಬಾಡಿಗೆಗಳು ಉಳಿದಷ್ಟೂ ಅದು ವಿದ್ಯಾರ್ಥಿವೃತ್ತಿಯೇ ಸರಿ. ಮಗಳನ್ನು ಮದರಾಸಿಗೆ ಕಳುಹಿಸಲು ಒಪ್ಪದ ತಂದೆಯೂ ಇನ್ನೊಂದು ಬೀದಿಯ ಕಾಲೇಜಿಗೆ ಕಳುಹಿಸಲು ಒಪ್ಪಬಹುದು. ಮುಂದೆ ಸ್ತ್ರೀಯರಿಗಾಗಿ ಅಲ್ಲಂ ಸುಮಂಗಳಮ್ಮ ಸ್ಮಾರಕ ಕಾಲೇಜೂ ಇದೇ ಸಂಘದಿಂದ ಬಂದಿತು.

ಮೇರೆಯ ಆಚೆಗಿನವರಿಗೆ ವೃತ್ತಿಯು ಬಂದುದು ಸರಕಾರದ ಕಡೆಯಿಂದ. ಮದರಾಸು ಅಧಿಪತ್ಯದ ಲೇಬರ್ ಇಲಾಖೆಯು ೧೯೨೦ರ ದಶಕದಿಂದ ಅಸ್ಪೃಶ್ಯರೆನಿಸಿದವರ ಮಕ್ಕಳಿಗೆ ಶಾಲೆಗಳನ್ನು ನಡೆಸಿ ವಿದ್ಯಾರ್ಥಿವೇತನಗಳನ್ನು ಕೊಟ್ಟಿತು. ೧೯೪೪ರಲ್ಲಿ ಭಾರತ ಸರಕಾರವು ಪರಿಶಿಷ್ಟ ಜಾತಿಗಳ ವಿದ್ಯಾರ್ಥಿಗಳಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನವನ್ನು ಆರಂಭಿಸಿತು. ೧೯೪೮ರಲ್ಲಿ ಅದು ಪರಿಶಿಷ್ಟ ಪಂಗಡಗಳಿಗೂ ವಿಸ್ತಾರವಾಯಿತು. ನಾಯಕ ಸಮುದಾಯವು ಬಹುಸಂಖ್ಯೆಯಲ್ಲಿರುವ ಬಳ್ಳಾರಿಯಲ್ಲಿ ಆ ಸಮುದಾಯವು ಮುಂದೆ ಪರಿಶಿಷ್ಟ ಪಂಗಡವೆಂದು ಅಂಗೀಕೃತವಾದಾಗ ಈ ವೇತನದ ಪ್ರಯೋಜನವು ಬಹಳ ಮನೆಗಳನ್ನು ಮುಟ್ಟಿತು. ೧೯೭೫ರ ಹಾವನೂರ ಆಯೋಗದ ವರದಿಯ ಬಳಿಕ ಹಿಂದುಳಿದ ವರ್ಗಗಳಿಗೂ ಬಾಗಿಲು ಅಗಲವಾಯಿತು. ವಾರಾನ್ನದ ಏಳು ಮನೆಗಳಿಲ್ಲದ ಹುಡುಗನಿಗೆ ಸರಕಾರದ ವಿದ್ಯಾರ್ಥಿನಿಲಯವೇ ಎಂಟನೆಯ ಮನೆಯಾಯಿತು.

೫

ಓದಿದವನಿಗೆ ಉದ್ಯೋಗವೆಲ್ಲಿ ಎಂಬುದು ವೃತ್ತಿಯ ಇನ್ನೊಂದು ತುದಿ. ವಕೀಲಿ, ಉಪಾಧ್ಯಾಯಿಕೆ, ಕಚೇರಿಯ ಗುಮಾಸ್ತಿಕೆ — ಬಹುಕಾಲ ಪದವೀಧರನಿಗೆ ಕಂಡುದು ಇವು ಮೂರೇ. ಆದರೆ ಈ ಸೀಮೆಯ ಮಣ್ಣೂ ಕಲ್ಲೂ ವಿದ್ವಾಂಸರಿಗೆ ಬೇರೆ ಕೆಲಸವನ್ನು ಕೊಡುತ್ತಲೇ ಇದ್ದುವು. ಹಗರಿಯಲ್ಲಿ ೧೯೦೬ರಿಂದ ಕೃಷಿ ಸಂಶೋಧನೆಯ ಕ್ಷೇತ್ರವಿದ್ದು ಹತ್ತಿಯ ತಳಿಗಳ ಕೆಲಸ ನಡೆಯಿತು. ಕರಿಯ ಎರೆಭೂಮಿಗೆ ಕಾಲುವೆಯ ನೀರು ಹರಿದರೆ ಏನಾದೀತೆಂಬುದನ್ನು ಅಣೆಕಟ್ಟಿಗೆ ಮೊದಲೇ ಪರೀಕ್ಷಿಸಲು ೧೯೩೭ರಲ್ಲಿ ಸಿರುಗುಪ್ಪದಲ್ಲಿ ಸಂಶೋಧನಾ ಕೇಂದ್ರವು ಸ್ಥಾಪಿತವಾಯಿತು. ೧೯೫೪ರಲ್ಲಿ ಬಳ್ಳಾರಿಯಲ್ಲಿ ಮಣ್ಣು ಮತ್ತು ನೀರಿನ ಸಂರಕ್ಷಣೆಯ ಕೇಂದ್ರವು ಬಂದಿತು. ರಸಾಯನಶಾಸ್ತ್ರವನ್ನೋ ಸಸ್ಯಶಾಸ್ತ್ರವನ್ನೋ ಓದಿದ ತರುಣನಿಗೆ ತನ್ನ ಊರಿನ ಹೊಲವೇ ಪ್ರಯೋಗಶಾಲೆಯಾಗಬಹುದೆಂಬುದಕ್ಕೆ ಇವು ನಿದರ್ಶನಗಳು.

ಸಾಹಿತ್ಯ ಚರಿತ್ರೆಗಳನ್ನು ಓದುವವರಿಗೂ ಇಲ್ಲಿ ಕೆಲಸದ ಕೊರತೆಯಿರಲಿಲ್ಲ. ಆದರೆ ಆ ಕೆಲಸವನ್ನು ಹೆಚ್ಚಾಗಿ ಮಾಡಿದವರು ಹೊರಗಿನಿಂದ ಬಂದವರು. ವಿಜಯನಗರದ ಚರಿತ್ರೆಯನ್ನು ೧೯೦೦ರಲ್ಲಿ ಬರೆದ ರಾಬರ್ಟ್ ಸೂವೆಲ್ ಇಲ್ಲಿನ ಕಲೆಕ್ಟರನಾಗಿದ್ದವನು. ಮದರಾಸು ಅಧಿಪತ್ಯದ ಕನ್ನಡ ಶಾಸನಗಳ ಸಂಪುಟವನ್ನು ೧೯೩೯ರಲ್ಲಿ ಹೊರತಂದವರು ಆರ್. ಶಾಮಾಶಾಸ್ತ್ರಿಗಳು ಮತ್ತು ಎನ್. ಲಕ್ಷ್ಮೀನಾರಾಯಣರಾಯರು. ಬಳ್ಳಾರಿಯ ಮಗ್ಗುಲಿನ ಸಂಗನಕಲ್ಲಿನ ಶಿಲಾಯುಗದ ನೆಲೆಯನ್ನು ಅಗೆದು, ೧೯೪೮ರಲ್ಲಿ ಅದರ ವಿಷಯವಾಗಿ ಗ್ರಂಥವನ್ನು ಪ್ರಕಟಿಸಿದ ಬಿ. ಸುಬ್ಬರಾಯರು ಪುಣೆಯ ಡೆಕ್ಕನ್ ಕಾಲೇಜಿನ ಸಂಶೋಧಕರು. ಬೆಟ್ಟವು ಬಳ್ಳಾರಿಯದು, ಸಂಶೋಧಕನಿಗೆ ಆಶ್ರಯವಿತ್ತ ಪೀಠವು ಪುಣೆಯದು. ವಿಶ್ವವಿದ್ಯಾನಿಲಯವಿಲ್ಲದ ಊರಿನ ನಷ್ಟವನ್ನು ಅಳೆಯಲು ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಡ.

೬

೧೯೫೩ರ ಅಕ್ಟೋಬರ್ ೧ರಂದು ಆಂಧ್ರ ರಾಜ್ಯವು ಬೇರ್ಪಟ್ಟಾಗ ಆದವಾನಿ, ಆಲೂರು, ರಾಯದುರ್ಗಗಳು ಆ ಕಡೆಗೆ ಹೋಗಿ, ಬಳ್ಳಾರಿ, ಸಿರುಗುಪ್ಪ ಮೊದಲಾದ ಏಳು ತಾಲೂಕುಗಳು ಮೈಸೂರಿಗೆ ಸೇರಿದುವು. ಬಹಳ ವಾದಕ್ಕೆ ಗುರಿಯಾದ ಬಳ್ಳಾರಿ ತಾಲೂಕಿನಲ್ಲಿಯೇ ಆಗ ಕುರುಗೋಡೂ ಇದ್ದಿತು. ವಿದ್ಯಾರ್ಥಿಯ ಮುಖವು ಮದರಾಸಿನಿಂದ ಕನ್ನಡದ ವಿದ್ಯಾಪೀಠಗಳ ಕಡೆಗ ತಿರುಗಿತು. ೧೯೮೦ರಲ್ಲಿ ಗುಲಬರ್ಗಾ ವಿಶ್ವವಿದ್ಯಾನಿಲಯವು ಸ್ಥಾಪಿತವಾಗಿ ಬಳ್ಳಾರಿಯು ಅದರ ವ್ಯಾಪ್ತಿಗೆ ಬಂದಿತು. ೧೯೯೧ರಲ್ಲಿ ಹಂಪಿಯಲ್ಲಿ ಕನ್ನಡ ವಿಶ್ವವಿದ್ಯಾನಿಲಯವು ಸಂಶೋಧನೆಗೆಂದೇ ಹುಟ್ಟಿತು. ೨೦೨೧ರಲ್ಲಿ ವಿಜಯನಗರ ಜಿಲ್ಲೆಯು ಬೇರೆಯಾದ ಮೇಲೆ ಹಂಪಿಯು ಬಳ್ಳಾರಿ ಜಿಲ್ಲೆಯ ಹೊರಗೆ ಉಳಿದರೂ ದಾರಿಯೇನೂ ದೂರವಾಗಲಿಲ್ಲ. ೨೦೧೦ರಲ್ಲಿ ಬಳ್ಳಾರಿ ನಗರದಲ್ಲಿಯೇ ವಿಜಯನಗರ ಶ್ರೀ ಕೃಷ್ಣದೇವರಾಯ ವಿಶ್ವವಿದ್ಯಾನಿಲಯವು ಬಂದಿತು. ಸಿರುಗುಪ್ಪದಲ್ಲಿಯೂ, ಇತ್ತೀಚೆಗೆ ತಾಲೂಕಾದ ಕುರುಗೋಡಿನಲ್ಲಿಯೂ ಸರಕಾರದ ಪ್ರಥಮ ದರ್ಜೆ ಕಾಲೇಜುಗಳಿವೆ. ಸಂವಿಧಾನದ ೩೭೧-ಜೆ ವಿಧಿಯು ೨೦೧೩ರಲ್ಲಿ ಜಾರಿಗೆ ಬಂದ ಬಳಿಕ ಈ ಪ್ರದೇಶದ ವಿದ್ಯಾಸಂಸ್ಥೆಗಳಲ್ಲಿ ನೂರಕ್ಕೆ ೭೦ ಸ್ಥಾನಗಳೂ, ರಾಜ್ಯದ ಉಳಿದೆಡೆಗಳಲ್ಲಿ ನೂರಕ್ಕೆ ೮ ಸ್ಥಾನಗಳೂ ಸ್ಥಳೀಯರಿಗೆ ಮೀಸಲಾದುವು; ಸರಕಾರದ ಉದ್ಯೋಗಗಳಲ್ಲಿಯೂ ಮೀಸಲಾತಿ ದೊರೆಯಿತು.

೧೮೨೩ರಲ್ಲಿ ಯಾವುದರ ಅಭಾವವನ್ನು ಕಂಡು ಕ್ಯಾಂಬೆಲ್ಲನು ನಾಚಿದನೋ ಆ ಸರಕಾರದ ಸಹಾಯವು ಈಗ ಹಲವು ರೂಪಗಳಲ್ಲಿ ಇದೆ. ಆದರೂ ಆತನು ಬರೆದ ಇನ್ನೊಂದು ಮಾತು ಹಳೆಯದಾಗಿಲ್ಲ. ಹತ್ತಿ ಬಿಡಿಸುವ ಕಾಲದಲ್ಲಿ, ಮೆಣಸಿನಕಾಯಿ ಕೀಳುವ ಕಾಲದಲ್ಲಿ, ಎಳೆಯ ಕೈಗಳನ್ನು ಹೊಲವು ಇಂದಿಗೂ ಕರೆಯುತ್ತದೆ. ಕಾಲೇಜು ಹತ್ತಿರವಿದ್ದರೂ, ಶುಲ್ಕದ ವಿನಾಯಿತಿಯಿದ್ದರೂ, ಮಗನ ಅಥವಾ ಮಗಳ ಮೂರು ವರುಷದ ದುಡಿಮೆಯನ್ನು ಬಿಟ್ಟುಕೊಡುವುದು ಬಡಮನೆಗೆ ದೊಡ್ಡ ದಾನವೇ. ಅರ್ಜಿಯ ಕೊನೆಯ ದಿನವು ತಿಳಿಯದೆ ವೇತನವನ್ನು ಕಳೆದುಕೊಳ್ಳುವವರೂ, ಎಂ.ಎ., ಎಂ.ಎಸ್‌ಸಿ. ಮುಗಿಸಿ ಮುಂದೆ ಸಂಶೋಧನೆಯ ವೃತ್ತಿಯೊಂದಿದೆ ಎಂಬುದನ್ನೇ ಅರಿಯದವರೂ ಹಳ್ಳಿಗಳಲ್ಲಿ ಕಡಿಮೆಯಿಲ್ಲ.

ಇಂಥಲ್ಲಿ ಸರಕಾರವು ಮಾಡಲಾಗದ ಕೆಲಸವು ಓದಿದ ಕುಟುಂಬಗಳಿಗೆ ಉಳಿದಿರುತ್ತದೆ. ನೆರೆಯ ಹುಡುಗಿಗೆ ಒಂದು ಅರ್ಜಿಯನ್ನು ತುಂಬಿಕೊಡುವುದು, ಪರೀಕ್ಷೆಗೆ ಹೋಗುವವನಿಗೆ ಬಸ್ಸಿನ ಚಾರ್ಜು ಕೊಡುವುದು, ಪುಸ್ತಕ ಕೊಂಡುಕೊಡುವುದು ದೊಡ್ಡ ಕಾರ್ಯಗಳಂತೆ ತೋರುವುದಿಲ್ಲ. ಸಾಲೋಟಗಿಯ ಊರವರು ಮದುವೆಯ ಮನೆಯಿಂದ ಎತ್ತಿಟ್ಟುದೂ ೫ ನಾಣ್ಯಗಳನ್ನು ಮಾತ್ರ. ಅವರ ಶಾಲೆಯು ಅಳಿದು ಎಷ್ಟೋ ಶತಮಾನಗಳಾದುವು. ಕಾಣಿಕೆಯ ಲೆಕ್ಕವು ಕಲ್ಲಿನ ಮೇಲೆ ಇನ್ನೂ ಓದಲು ಬರುತ್ತದೆ. ಬಳ್ಳಾರಿ ಸೀಮೆಯಲ್ಲಿ ವರುಷಕ್ಕೆ ನಡೆಯುವ ಮದುವೆಗಳೆಷ್ಟು ಎಂಬುದನ್ನು ವಾಚಕರೇ ಎಣಿಸಿಕೊಳ್ಳಬಹುದು.